ಗಿರಿನಗರದ ದೊರೆ ಪಚಕುಟಿ

ದಕ್ಷಿಣ ಅಮೆರಿಕ ಖಂಡದ ಪಡುವಣ ಅಂಚಿನುದ್ದಕ್ಕೂ ಬೆನ್ನೆಲುಬಿನಂತೆ ಚಾಚಿಕೊಂಡಿರುವ ಪರ್ವತಶ್ರೇಣಿಗೆ ಆಂಡಿಸ್ ಎಂದು ಹೆಸರು. ಅದರ ಒಂದು ಮಗ್ಗುಲಿಗೆ ವರ್ಷಗಟ್ಟಲೆ ಮಳೆಹನಿಯನ್ನು ಕಾಣದ ಕರಾವಳಿಯ ಮರಳುಗಾಡು. ಇನ್ನೊಂದು ಮಗ್ಗುಲಿಗೆ ಅಮೆಜಾನ್ ನದಿಯ ನೀರುಂಡು ಬೆಳೆದ ದಟ್ಟವಾದ ಅರಣ್ಯ. ನಡುವೆ ಹಿಮವನ್ನು ಹೊತ್ತ ಶಿಖರಗಳು, ಅವುಗಳ ಬುಡದಲ್ಲಿ ಆಳವಾದ ಕಣಿವೆಗಳು. ಹೊಸಬರಿಗೆ ಉಸಿರಾಡಲು ಗಾಳಿಯೇ ಸಾಲದೆನಿಸುವ ಈ ಎತ್ತರದಲ್ಲಿ ಇಂಕಾ ಎಂಬ ಜನಾಂಗದವರು ವಿಶಾಲವಾದ ಸಾಮ್ರಾಜ್ಯವೊಂದನ್ನು ಕಟ್ಟಿ ಆಳಿದರು. ಅವರಿಗೆ ಕಬ್ಬಿಣದ ಬಳಕೆ ತಿಳಿದಿರಲಿಲ್ಲ. ಕುದುರೆಯಾಗಲಿ ಎತ್ತಾಗಲಿ ಅವರ ನಾಡಿನಲ್ಲಿರಲಿಲ್ಲ. ಗಾಲಿಯ ಬಂಡಿ ಇರಲಿಲ್ಲ. ಅಕ್ಷರಗಳಲ್ಲಿ ಬರೆಯುವ ಲಿಪಿಯೂ ಇರಲಿಲ್ಲ. ಇಷ್ಟೆಲ್ಲ ಕೊರತೆಗಳ ನಡುವೆ ಆ ಜನ ಸಾಧಿಸಿದ್ದೇನು ಎಂಬುದನ್ನು ಅರಿಯಬೇಕಾದರೆ ಅವರ ಒಂಬತ್ತನೆಯ ದೊರೆಯೆಂದು ಗಣಿತನಾದ ಪಚಕುಟಿಯ ಚರಿತ್ರೆಯನ್ನು ತಿಳಿಯಬೇಕು.

ಅವನ ಮೊದಲ ಹೆಸರು ಕುಸಿ ಯುಪಾಂಕಿ. ತಂದೆ ವಿರಕೋಚ ಎಂಬ ಅರಸ. ಆಗ ಇಂಕಾ ರಾಜ್ಯವೆಂದರೆ ಕುಸ್ಕೊ ಪಟ್ಟಣ ಮತ್ತು ಅದರ ಸುತ್ತಣ ಕೆಲವು ಕಣಿವೆಗಳು, ಅಷ್ಟೆ. ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದ್ದ ಆ ಪಟ್ಟಣವು ಆಂಡಿಸಿನ ಇತರ ಅನೇಕ ಸಣ್ಣ ರಾಜ್ಯಗಳ ರಾಜಧಾನಿಗಳಿಗಿಂತ ಬಹಳ ಭಿನ್ನವಾಗಿರಲಿಲ್ಲ. ಅರಸನಿಗೆ ಹಲವು ಮಂದಿ ಮಕ್ಕಳು. ಅವರಲ್ಲಿ ಉರ್ಕೊ ಎಂಬಾತನೇ ತಂದೆಯ ಪ್ರೀತಿಪಾತ್ರನಾಗಿ ಉತ್ತರಾಧಿಕಾರಿಯೆನಿಸಿದ್ದನು. ಕುಸಿ ಯುಪಾಂಕಿಗೆ ಪಟ್ಟದ ಆಸೆಯನ್ನು ಇಟ್ಟುಕೊಳ್ಳಲು ಅವಕಾಶವೇ ಇರಲಿಲ್ಲ.

ಇಂಕಾಗಳು ಬರೆದಿಟ್ಟ ಚರಿತ್ರೆಯ ಗ್ರಂಥಗಳಿಲ್ಲ. ಮುಂದೆ ಆ ನಾಡನ್ನು ಗೆದ್ದ ಸ್ಪೇನ್ ದೇಶದವರಲ್ಲಿ ಹ್ವಾನ್ ದೆ ಬೆತಾನ್ಸೋಸ್, ಸಾರ್ಮಿಯೆಂತೊ ಮೊದಲಾದ ಕೆಲವರು ರಾಜವಂಶದ ಹಿರಿಯರ ನೆನಪಿನಲ್ಲಿ ಉಳಿದಿದ್ದ ಸಂಗತಿಗಳನ್ನು ಕೇಳಿ 16ನೆಯ ಶತಮಾನದಲ್ಲಿ ಬರೆದಿಟ್ಟರು. ಬೆತಾನ್ಸೋಸನು ಇಂಕಾ ರಾಜಮನೆತನದ ಸ್ತ್ರೀಯೊಬ್ಬಳನ್ನು ವರಿಸಿದವನು. ಆ ನಾಡಿನ ಭಾಷೆಯನ್ನು ಬಲ್ಲವನು. ಪಚಕುಟಿಯ ವಿಷಯದಲ್ಲಿ ತಿಳಿದಿರುವುದರಲ್ಲಿ ಬಹುಪಾಲು ಇಂಥವರ ಬರಹದಿಂದ ದೊರೆತದ್ದು. ತಮ್ಮ ವಂಶದ ಮೂಲಪುರುಷನನ್ನು ಕುರಿತು ಹೇಳುವಾಗ ಹಿರಿಯರು ಅವನ ಹಿರಿಮೆಯನ್ನು ತುಸು ಹೆಚ್ಚಾಗಿಯೇ ಹೇಳಿರುವುದು ಸಹಜ. ಓದುವವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿರುವುದು ಒಳ್ಳೆಯದು.

ಕ್ರಿ.ಶ. 1438ರ ಸುಮಾರಿಗೆ, ಎಂದು ಪರಂಪರೆಯ ಲೆಕ್ಕ, ಕುಸ್ಕೊವಿಗೆ ಭಾರಿ ವಿಪತ್ತೊಂದು ಒದಗಿತು. ಪಶ್ಚಿಮದ ಕಡೆಯಿಂದ ಚಾಂಕಾ ಎಂಬ ಬಲಿಷ್ಠ ಜನಾಂಗದವರು ದೊಡ್ಡ ದಂಡಿನೊಡನೆ ಏರಿಬಂದರು. ವೃದ್ಧನಾಗಿದ್ದ ವಿರಕೋಚನು ಧೈರ್ಯಗುಂದಿ, ಉರ್ಕೊನನ್ನು ಕರೆದುಕೊಂಡು, ರಾಜಧಾನಿಯನ್ನು ಬಿಟ್ಟು ಬೆಟ್ಟದ ಮೇಲಣ ಆಶ್ರಯಸ್ಥಾನಕ್ಕೆ ಹೊರಟುಹೋದನು. ಅರಸನೇ ಹೋದ ಮೇಲೆ ಊರಿಗೆ ದಿಕ್ಕಾರು? ಕುಸಿ ಯುಪಾಂಕಿಯು ಮಾತ್ರ ಹೋಗಲೊಪ್ಪಲಿಲ್ಲ. ತನ್ನೊಡನೆ ನಿಂತ ಕೆಲವೇ ಮಂದಿ ಸರದಾರರನ್ನು ಸೇರಿಸಿಕೊಂಡು ನೆರೆಹೊರೆಯ ಜನಾಂಗಗಳಿಗೆ ನೆರವು ಬೇಡಿ ಹೇಳಿಕಳುಹಿಸಿದನು. ಅವರಲ್ಲಿ ಹಲವರು ಯಾರು ಗೆಲ್ಲುವರೋ ನೋಡೋಣವೆಂದು ಗುಡ್ಡಗಳ ಮೇಲೆ ಕಾದು ನಿಂತರಂತೆ. ಘೋರವಾದ ಕಾಳಗ ನಡೆಯಿತು. ಚಾಂಕಾಗಳು ಹೊತ್ತು ತಂದಿದ್ದ ಅವರ ಕುಲಪುರುಷನ ವಿಗ್ರಹವು ಇಂಕಾಗಳ ವಶವಾಗಲು ಶತ್ರುಸೈನ್ಯವು ಎದೆಗೆಟ್ಟು ಚದುರಿತು. ಯುದ್ಧ ತಮ್ಮ ಕೈ ಮೀರುತ್ತಿದ್ದ ಹೊತ್ತಿನಲ್ಲಿ ಬಯಲಿನ ಕಲ್ಲುಗಳೇ ಯೋಧರಾಗಿ ಎದ್ದು ಹೋರಾಡಿದುವೆಂದು ಇಂಕಾಗಳು ನಂಬಿದರು. ಅಂತಹ ಕಲ್ಲುಗಳನ್ನು ಆರಿಸಿ ತಂದು ಪೂಜಿಸಿದರು. ಗುಡ್ಡಗಳ ಮೇಲೆ ಕಾದು ನಿಂತವರು ಸರಿಯಾದ ಸಮಯಕ್ಕೆ ಇಳಿದು ಬಂದುದನ್ನೇ ಜನರ ಕಲ್ಪನೆ ಹೀಗೆ ಹಿಗ್ಗಿಸಿರಬಹುದು.

ಗೆದ್ದ ರಾಜಕುಮಾರನಿಗೆ ಪಟ್ಟವು ಸುಲಭವಾಗಿ ದೊರೆಯಲಿಲ್ಲ. ತಂದೆಯು ಉರ್ಕೊನ ಪಕ್ಷವನ್ನು ಬಿಡಲು ಇಷ್ಟಪಡಲಿಲ್ಲ. ಕೊನೆಗೆ ಉರ್ಕೊನು ಹತನಾದನು. ವಿರಕೋಚನು ಮಗನ ಅರಸುತನವನ್ನು ಒಪ್ಪಲೇಬೇಕಾಯಿತು. ಸಿಂಹಾಸನವನ್ನೇರಿದ ಕುಸಿ ಯುಪಾಂಕಿಯು ಪಚಕುಟಿ ಎಂಬ ಹೊಸ ಹೆಸರನ್ನು ಧರಿಸಿದನು. ಇಂಕಾಗಳ ಕೆಚುವಾ ಭಾಷೆಯಲ್ಲಿ ಪಚ ಎಂದರೆ ಭೂಮಿ. ಕಾಲವೆಂಬ ಅರ್ಥವೂ ಉಂಟು. ಲೋಕವನ್ನು ತಿರುವಿ ಹಾಕುವವನು ಎಂಬುದು ಆ ಹೆಸರಿನ ಭಾವ. ಹೆಸರಿಗೆ ತಕ್ಕಂತೆಯೇ ಅವನು ನಡೆದುಕೊಂಡನು.

ಮೊದಲು ಅವನ ಕಣ್ಣು ಬಿದ್ದದ್ದು ಕುಸ್ಕೊ ಪಟ್ಟಣದ ಮೇಲೆ. ಹಳೆಯ ಮನೆಗಳನ್ನು ಕೆಡವಿಸಿ, ನಡುವೆ ಹರಿಯುತ್ತಿದ್ದ ಎರಡು ತೊರೆಗಳಿಗೆ ಕಲ್ಲುಕಾಲುವೆ ಕಟ್ಟಿಸಿ, ಇಡೀ ನಗರವನ್ನು ಹೊಸದಾಗಿ ನಿರ್ಮಿಸಿದನು. ನಗರದ ರೂಪವು ಪೂಮಾ ಎಂಬ ಕಾಡುಮೃಗವನ್ನು ಹೋಲುವಂತಿತ್ತೆಂದೂ ಮೇಲಿನ ಸಾಕ್ಸೈವಾಮನ್ ಕೋಟೆಯೇ ಅದರ ತಲೆಯೆಂದೂ ಹೇಳುತ್ತಾರೆ. ಆ ಕೋಟೆಯ ಗೋಡೆಯಲ್ಲಿ ನೂರು ಟನ್ನಿಗೂ ಮಿಗಿಲಾದ ತೂಕದ ಬಂಡೆಗಳುಂಟು. ಅವುಗಳನ್ನು ಹಗ್ಗ ಬಿಗಿದು ಜನರೇ ಎಳೆದು ತಂದರು. ಗಟ್ಟಿಯಾದ ಗುಂಡುಕಲ್ಲುಗಳಿಂದ ಕುಟ್ಟಿ ಕುಟ್ಟಿ ಹದಗೊಳಿಸಿದರು. ಗಾರೆಯ ಸಹಾಯವಿಲ್ಲದೆ ಕೂಡಿಸಿದ ಆ ಕಲ್ಲುಗಳ ಸಂದಿನಲ್ಲಿ ಚೂರಿಯ ಅಲಗೂ ತೂರದು. ಭೂಕಂಪಗಳು ಮೇಲಿಂದ ಮೇಲೆ ಬರುವ ಆ ಪ್ರದೇಶದಲ್ಲಿ ಸ್ಪೇನಿನವರು ಕಟ್ಟಿದ ಮಹಡಿಗಳು ಉರುಳಿ ಬಿದ್ದಾಗಲೂ ಅವುಗಳ ತಳದಲ್ಲಿದ್ದ ಇಂಕಾ ಗೋಡೆಗಳು ಅಲುಗದೆ ನಿಂತುವು. ಕೊರಿಕಾಂಚ ಎಂಬ ಸೂರ್ಯದೇವಾಲಯದ ಗೋಡೆಗಳಿಗೆ ಚಿನ್ನದ ತಗಡುಗಳನ್ನು ಹೊದಿಸಲಾಗಿತ್ತು. ಸೂರ್ಯನು ಇಂಕಾಗಳ ಕುಲದೈವ, ಅರಸನು ಸೂರ್ಯಪುತ್ರ.

ನಾಡು ಹಿಗ್ಗುತ್ತ ಹೋಯಿತು. ದಕ್ಷಿಣದಲ್ಲಿ ಟಿಟಿಕಾಕಾ ಸರೋವರದ ಪ್ರದೇಶ, ಉತ್ತರದಲ್ಲಿ ಕಾಹಮಾರ್ಕದವರೆಗಿನ ಮಲೆನಾಡು, ಇವೆಲ್ಲ ಪಚಕುಟಿಯ ಕಾಲದಲ್ಲಿ ಕುಸ್ಕೊವಿಗೆ ಅಧೀನವಾದುವು. ನಾಲ್ಕು ಭಾಗಗಳು ಒಂದುಗೂಡಿದ್ದು ಎಂಬ ಅರ್ಥದಲ್ಲಿ ಇಂಕಾಗಳು ತಮ್ಮ ಸಾಮ್ರಾಜ್ಯವನ್ನು ತವಾಂತಿನ್‌ಸುಯು ಎಂದು ಕರೆದರು. ಗೆಲ್ಲುವುದು ಒಂದು ವಿದ್ಯೆ. ಗೆದ್ದುದನ್ನು ಉಳಿಸಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿಯೇ ಪಚಕುಟಿಯ ನಿಜವಾದ ಬುದ್ಧಿಶಕ್ತಿ ಕಾಣುತ್ತದೆ. ಆ ರಾಜ್ಯದಲ್ಲಿ ನಾಣ್ಯಗಳಿರಲಿಲ್ಲ. ಆದುದರಿಂದ ಪ್ರಜೆಗಳು ತೆರಿಗೆಯನ್ನು ದುಡಿಮೆಯ ರೂಪದಲ್ಲಿ ಸಲ್ಲಿಸಬೇಕಾಗಿತ್ತು. ಪ್ರತಿಯೊಂದು ಕುಟುಂಬವೂ ಸರದಿಯ ಪ್ರಕಾರ ಅರಸನ ಹೊಲದಲ್ಲಿಯೋ, ರಸ್ತೆ ಸೇತುವೆಗಳ ಕಾಮಗಾರಿಯಲ್ಲಿಯೋ, ದಂಡಿನಲ್ಲಿಯೋ ಕೆಲವು ಕಾಲ ದುಡಿಯುತ್ತಿತ್ತು. ಈ ಪದ್ಧತಿಗೆ ಮಿತ ಎಂದು ಹೆಸರು. ಸರದಿಯವರಿಗೆ ಊಟವನ್ನೂ ಮುಸುಕಿನ ಜೋಳದಿಂದ ತಯಾರಿಸಿದ ಚಿಚಾ ಎಂಬ ಪಾನೀಯವನ್ನೂ ಅರಸನೇ ಒದಗಿಸಬೇಕು. ಬೆಟ್ಟದ ಓರೆಗಳಲ್ಲಿ ಗಾಳಿಯಾಡುವಂತೆ ಕಟ್ಟಿದ ಸಾಲು ಸಾಲು ಉಗ್ರಾಣಗಳಲ್ಲಿ ಧಾನ್ಯ, ಬಟ್ಟೆ, ಆಯುಧಗಳು ತುಂಬಿರುತ್ತಿದ್ದುವು. ಬೆಳೆ ಕೆಟ್ಟ ವರ್ಷ ಅವುಗಳ ಬಾಗಿಲು ಪ್ರಜೆಗಳಿಗೆ ತೆರೆಯುತ್ತಿತ್ತು.

ಲೆಕ್ಕಪತ್ರವನ್ನು ಇಡುತ್ತಿದ್ದುದು ಹುರಿಯ ಗಂಟುಗಳಲ್ಲಿ. ಒಂದು ಮುಖ್ಯವಾದ ಹುರಿಗೆ ಬಣ್ಣಬಣ್ಣದ ಎಳೆಗಳನ್ನು ಇಳಿಬಿಟ್ಟು, ಅವುಗಳಲ್ಲಿ ಬಿಡಿ, ಹತ್ತು, ನೂರುಗಳ ಸ್ಥಾನದಲ್ಲಿ ಗಂಟುಗಳನ್ನು ಹಾಕುತ್ತಿದ್ದರು. ಇದೇ ಕೀಪು. ಸಂದೇಶಗಳನ್ನು ಒಯ್ಯಲು ಚಾಸ್ಕಿ ಎಂಬ ಓಟಗಾರರಿದ್ದರು. ದಾರಿಯುದ್ದಕ್ಕೂ ಸ್ವಲ್ಪಸ್ವಲ್ಪ ದೂರಕ್ಕೆ ಗುಡಿಸಲುಗಳಲ್ಲಿ ಕಾದಿದ್ದು, ಒಬ್ಬನಿಂದ ಒಬ್ಬನು ಸುದ್ದಿಯನ್ನು ಪಡೆದು ಓಡುತ್ತಿದ್ದುದರಿಂದ ಅದು ದಿನಕ್ಕೆ ಸುಮಾರು 240 ಕಿಲೋಮೀಟರ್ ಸಾಗುತ್ತಿತ್ತು. ಸಾಮ್ರಾಜ್ಯದ ಕೊನೆಯ ವೇಳೆಗೆ ರಸ್ತೆಗಳ ಒಟ್ಟು ಉದ್ದ ಸುಮಾರು 40,000 ಕಿಲೋಮೀಟರ್ ಆಗಿತ್ತೆಂದು ಅಂದಾಜು. ಕಮರಿಗಳ ಮೇಲೆ ಹುಲ್ಲಿನ ಹಗ್ಗದಿಂದ ಹೆಣೆದ ತೂಗುಸೇತುವೆಗಳಿದ್ದುವು.

ಈ ವ್ಯವಸ್ಥೆಗೆ ಇನ್ನೊಂದು ಮುಖವೂ ಇತ್ತು. ದಂಗೆಯೇಳಬಹುದಾದ ಜನಾಂಗಗಳನ್ನು ಹುಟ್ಟಿದ ನೆಲದಿಂದ ಕಿತ್ತು ದೂರದ ಪ್ರಾಂತಗಳಲ್ಲಿ ನೆಲೆಗೊಳಿಸುತ್ತಿದ್ದರು. ಇಡೀ ಹಳ್ಳಿಯೇ ತನ್ನ ದೇವರು, ಬಿತ್ತನೆಬೀಜ, ಮುದುಕರು, ಮಕ್ಕಳೊಡನೆ ಬೆಟ್ಟಗಳನ್ನು ದಾಟಿ ಗುರುತಿಲ್ಲದ ಊರಿಗೆ ನಡೆಯಬೇಕಾಗುತ್ತಿತ್ತು. ಅವರು ತಮ್ಮ ಮೂಲಸೀಮೆಯ ಉಡುಪನ್ನೂ ತಲೆಯ ತೊಡಿಗೆಯನ್ನೂ ಬಿಡಬಾರದೆಂಬ ನಿಯಮವಿತ್ತು. ಯಾರು ಎಲ್ಲಿಯವರೆಂಬುದು ಅಧಿಕಾರಿಗಳಿಗೆ ನೋಡಿದೊಡನೆ ತಿಳಿಯುತ್ತಿತ್ತು. ಕುಶಲಕರ್ಮಿಗಳನ್ನು ಆರಿಸಿ ತಂದು ಅರಸನ ಸ್ವಂತ ಸೇವಕರನ್ನಾಗಿ ಮಾಡಿಕೊಳ್ಳುವುದೂ ಇತ್ತು. ಅಂತಹವರು ಮತ್ತೆ ತಮ್ಮ ಕುಲದವರನ್ನು ಸೇರುತ್ತಿರಲಿಲ್ಲ. ಹಸಿವಿನಿಂದ ರಕ್ಷಿಸಿದ ಕೈಯೇ ಊರನ್ನೂ ಬಿಡಿಸಿತು. ಪಚಕುಟಿಯನ್ನು ಹೊಗಳುವಾಗ ಇದನ್ನು ಮರೆಮಾಚುವುದು ನ್ಯಾಯವಲ್ಲ.

ಉರುಬಾಂಬ ನದಿಯ ಕಣಿವೆಯನ್ನು ಗೆದ್ದ ಮೇಲೆ ಪಚಕುಟಿಯು ಅಲ್ಲಿ ತನಗಾಗಿ ಕೆಲವು ವಿಹಾರಧಾಮಗಳನ್ನು ಕಟ್ಟಿಸಿದನು. ಅವುಗಳಲ್ಲಿ ಜಗತ್ಪ್ರಸಿದ್ಧವಾದುದು ಮಾಚು ಪಿಚು. ಕುಸ್ಕೊವಿನಿಂದ ವಾಯವ್ಯಕ್ಕೆ ಎರಡು ಶಿಖರಗಳ ನಡುವಣ ಕಿರಿದಾದ ಏಣಿನ ಮೇಲೆ, 2,430 ಮೀಟರ್ ಎತ್ತರದಲ್ಲಿ ಅದು ನಿಂತಿದೆ. ಮೂರು ಕಡೆಯಲ್ಲಿ ನದಿಯು ಬಳಸಿ ಹರಿಯುತ್ತದೆ; ಏಣಿನಿಂದ ನದಿಗೆ ನಾನೂರು ಮೀಟರಿಗೂ ಹೆಚ್ಚಿನ ಇಳಿಜಾರು. ಎತ್ತರವೆಂದು ತೋರಿದರೂ ಅದು ಕುಸ್ಕೊವಿಗಿಂತ ಸಾವಿರ ಮೀಟರಿನಷ್ಟು ತಗ್ಗು. ಆದುದರಿಂದ ಬೆಚ್ಚಗಿನ ಸ್ಥಳ. ರಾಜಧಾನಿಯಲ್ಲಿ ಹಿಮ ಬೀಳುವಷ್ಟು ಚಳಿಯಿರುವ ಜೂನ್, ಜುಲೈ ತಿಂಗಳುಗಳಲ್ಲಿ ಅರಸನು ಪರಿವಾರದೊಡನೆ ಇಲ್ಲಿಗೆ ಬರುತ್ತಿದ್ದಿರಬೇಕು. ಸುತ್ತಣ ಪಿಚು ಎಂಬ ಭೂಮಿಯು ಹಿಂದೆ ಇಂಕಾ ಯುಪಾಂಕಿಗೆ ಸೇರಿದುದೆಂದು 1568ರ ದಾಖಲೆಯೊಂದು ತಿಳಿಸುತ್ತದೆ. ಇತ್ತೀಚೆಗೆ, 2021ರಲ್ಲಿ, ಅಲ್ಲಿನ ಸಮಾಧಿಗಳ ಮೂಳೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಆ ನೆಲೆಯಲ್ಲಿ 1420ರ ಸುಮಾರಿನಿಂದಲೇ ಜನವಾಸವಿತ್ತೆಂದು ಕಂಡುಕೊಂಡರು. ಇದು ನಿಜವಾದರೆ ಪಚಕುಟಿಯು ಪರಂಪರೆಯ ಲೆಕ್ಕಕ್ಕಿಂತ ಮುಂಚೆಯೇ ಪಟ್ಟಕ್ಕೆ ಬಂದಿರಬೇಕಾಗುತ್ತದೆ.

ಮಾಚು ಪಿಚುವಿಗೆ ಹೋದವರ ಕಣ್ಣನ್ನು ಮೊದಲು ಸೆಳೆಯುವುದು ಗೋಡೆಗಳ ಚೆಲುವು. ಆದರೆ ನಿರ್ಮಾಪಕರ ಜಾಣ್ಮೆಯೆಲ್ಲ ಇರುವುದು ನೆಲದೊಳಗೆ. ಅಲ್ಲಿ ವರ್ಷಕ್ಕೆ ಸುಮಾರು 1,900 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ, ಕಡಿದಾದ ಇಳುಕಲು, ಮಣ್ಣು ಜರಿಯುವ ಭಯ. ಆದುದರಿಂದ ಅವರು ಬೆಟ್ಟದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿಯೊಂದು ಮೆಟ್ಟಿಲಿಗೂ ಕಲ್ಲಿನ ತಡೆಗೋಡೆಯನ್ನು ಕಟ್ಟಿದರು. ಗೋಡೆಯ ಹಿಂದೆ ತಳದಲ್ಲಿ ದಪ್ಪಕಲ್ಲು, ಅದರ ಮೇಲೆ ಜಲ್ಲಿ, ಮರಳು, ಕಟ್ಟಕಡೆಗೆ ಹೊತ್ತು ತಂದ ಫಲವತ್ತಾದ ಮಣ್ಣು. ಬಿದ್ದ ಮಳೆಯು ಪದರಗಳ ಮೂಲಕ ಸೋಸಿ ಕೆಳಗಿಳಿಯುತ್ತದೆಯೇ ಹೊರತು ಗೋಡೆಯನ್ನು ನೂಕುವುದಿಲ್ಲ. ಐದು ಶತಮಾನಗಳ ಮಳೆಗೂ ಅವು ಕುಸಿಯದಿರಲು ಇದೇ ಕಾರಣ. ಕುಡಿಯುವ ನೀರಿನ ಏರ್ಪಾಡೂ ಇಷ್ಟೇ ಅಚ್ಚುಕಟ್ಟಾದುದು. ಬೆಟ್ಟದ ಮೇಲಿನ ಒರತೆಯೊಂದರಿಂದ 749 ಮೀಟರ್ ಉದ್ದದ ಕಲ್ಲುಕಾಲುವೆಯು ಸಣ್ಣ ಇಳಿಜಾರಿನಲ್ಲಿ ನೀರನ್ನು ತಂದು, ಒಂದರ ಕೆಳಗೊಂದರಂತಿರುವ 16 ದೋಣಿಗಳಲ್ಲಿ ಸುರಿಸುತ್ತದೆ. ಮೊದಲನೆಯ ದೋಣಿ ಇರುವುದು ಅರಸನ ಅರಮನೆಯ ಪಕ್ಕದಲ್ಲಿ. ಉಳಿದವರಿಗೆ ಅಲ್ಲಿಂದ ಹರಿದು ಬಂದ ನೀರು.

ಸುಮಾರು 200 ಕಟ್ಟಡಗಳಿದ್ದ ಆ ಊರಿನಲ್ಲಿ, ಅರಸನು ಬಂದಿಳಿದಾಗಲೂ, ಏಳುನೂರೈವತ್ತಕ್ಕಿಂತ ಹೆಚ್ಚು ಜನ ಇದ್ದಿರಲಾರರು. ಅಂಗಳವೊಂದರ ಸುತ್ತ ನಾಲ್ಕಾರು ಮನೆಗಳು. ಮೇಲಕ್ಕೆ ಕಿರಿದಾಗುವ ಬಾಗಿಲು, ಕಿಟಕಿ, ಗೂಡುಗಳು. ಕಲ್ಲುಗೂಟಗಳಿಗೆ ಬಿಗಿದು ಕಟ್ಟಿದ ಹುಲ್ಲಿನ ಚಾವಣಿ. ಬೆಳಗಾದೊಡನೆ ಮನೆಗಳ ಹುಲ್ಲಿನ ಸಂದುಗಳಿಂದ ಒಲೆಯ ಹೊಗೆ ಏಳುತ್ತಿತ್ತು. ಹೆಂಗಸರು ಬೀಸುವ ಕಲ್ಲಿನ ಮೇಲೆ ಮುಸುಕಿನ ಜೋಳವನ್ನು ಅರೆಯುತ್ತಿದ್ದರು. ಅಲ್ಪಾಕದ ಉಣ್ಣೆಯನ್ನು ನೂತು ನೇಯುತ್ತಿದ್ದರು. ಅವರು ಹೊದೆದ ಶಾಲು ಜಾರದಂತೆ ಸಿಕ್ಕಿಸಿಕೊಳ್ಳುತ್ತಿದ್ದ ಕಂಚಿನ ಸೂಜಿಗಳು ಅಗೆತದಲ್ಲಿ ದೊರೆತಿವೆ. ತವರವನ್ನೂ ತಾಮ್ರವನ್ನೂ ಕರಗಿಸಿ ಎರಕಹೊಯ್ಯುವ ಕಮ್ಮಾರರಿದ್ದರು. ಕಲ್ಲುಕುಟಿಗರಿಗೆ ಬಿಡುವೇ ಇರಲಿಲ್ಲ. ಕಲ್ಲುಗಣಿ ಊರೊಳಗೇ ಇದ್ದುದರಿಂದ ಕುಟ್ಟುವ ಸದ್ದು ನಿಲ್ಲುತ್ತಿರಲಿಲ್ಲವೆಂದು ಊಹಿಸಬಹುದು. ಬಂಡೆಯೊಂದನ್ನು ಬಳಸಿ ಬಾಗಿದ ಗೋಡೆಯಿಂದ ಕಟ್ಟಿದ ಸೂರ್ಯದೇವಾಲಯದಲ್ಲಿ ಪೂಜಾರಿಗಳು ಜೂನ್ ತಿಂಗಳ ಒಂದು ಬೆಳಗಿಗಾಗಿ ಕಾಯುತ್ತಿದ್ದರು. ವರ್ಷದಲ್ಲಿ ಹಗಲು ಅತ್ಯಂತ ಕಿರಿದಾಗಿರುವ ಆ ದಿನ ಉದಯಸೂರ್ಯನ ಕಿರಣವು ಕಿಟಕಿಯೊಂದರಿಂದ ನೇರವಾಗಿ ಒಳಗಣ ಬಂಡೆಯ ಮೇಲೆ ಬೀಳುವಂತೆ ಅದನ್ನು ಕಟ್ಟಲಾಗಿದೆ.

ಮೆಟ್ಟಿಲುಗದ್ದೆಗಳ ಬೆಳೆ ಇಷ್ಟು ಜನರಿಗೆ ಸಾಕಾಗುತ್ತಿರಲಿಲ್ಲ. ಧಾನ್ಯವು ಕಣಿವೆಯಿಂದ ಲಾಮಗಳ ಬೆನ್ನೇರಿ ಬರಬೇಕಾಗಿತ್ತು. ಅವರ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮುಸುಕಿನ ಜೋಳವೇ ಆಗಿತ್ತೆಂದು ಮೂಳೆಗಳ ಪರೀಕ್ಷೆಯಿಂದ ತಿಳಿದಿದೆ. ಎತ್ತರದ ಹೊಲಗಳಲ್ಲಿ ಆಲೂಗೆಡ್ಡೆ ಬೆಳೆಯುತ್ತಿತ್ತು. ಅದನ್ನು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಲು ಬಿಟ್ಟು, ಹಗಲು ಕಾಲಿನಿಂದ ತುಳಿದು ನೀರನ್ನು ಹಿಂಡಿ ಬಿಸಿಲಿನಲ್ಲಿ ಒಣಗಿಸಿದರೆ ವರ್ಷಗಟ್ಟಲೆ ಕೆಡದ ಚುನ್ಯೊ ಸಿದ್ಧವಾಗುತ್ತಿತ್ತು. ಆಲೂಗೆಡ್ಡೆಯನ್ನು ಮೊದಲು ಪಳಗಿಸಿ ಬೆಳೆಯಾಗಿಸಿದವರು ಆಂಡಿಸಿನ ರೈತರೇ. ಇಂದು ಹಾಸನದ ಹೊಲಗಳಲ್ಲಿ ಅಗೆದು ತೆಗೆಯುವ ಗೆಡ್ಡೆಗಳ ಪೂರ್ವಜರು ಆ ಬೆಟ್ಟಗಳಿಂದ ಯುರೋಪಿನ ಹಡಗುಗಳನ್ನೇರಿ ಹೊರಟುವು.

ಇಲ್ಲಿ ಸದಾ ವಾಸವಾಗಿದ್ದವರು ಯಾರು? ಅವರ ಹೆಸರು ಯಾವ ಕೀಪುವಿನಲ್ಲಿಯೂ ಉಳಿದಿಲ್ಲ. 1912ರಲ್ಲಿ ಬೆಟ್ಟದ ಗುಹೆಗಳಿಂದ ಅಗೆದು ತೆಗೆದ ಅಸ್ಥಿಗಳಲ್ಲಿ ಹೆಚ್ಚಿನವು ಹೆಂಗಸರವೆಂದು ಆಗ ಭಾವಿಸಿದರು. ಸೂರ್ಯನಿಗೆ ಮೀಸಲಾದ ಕನ್ಯೆಯರ ಊರು ಇದೆಂಬ ಕಥೆ ಹಬ್ಬಿತು. ಮುಂದೆ ಎಚ್ಚರಿಕೆಯಿಂದ ನೋಡಿದಾಗ ಗಂಡಸರ ಮತ್ತು ಹೆಂಗಸರ ಸಂಖ್ಯೆ ಹೆಚ್ಚುಕಡಮೆ ಸಮವಾಗಿದ್ದು, ಮಕ್ಕಳ ಅಸ್ಥಿಗಳೂ ಕಂಡುಬಂದುವು. 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇನ್ನೂ ಮುಂದಕ್ಕೆ ಹೋಗಿ, ಆ ಅಸ್ಥಿಗಳಲ್ಲಿ ಉಳಿದಿದ್ದ ಆನುವಂಶಿಕ ದ್ರವ್ಯವನ್ನು ಓದಿತು. ಕರಾವಳಿಯವರು, ಟಿಟಿಕಾಕಾ ಸೀಮೆಯವರು, ಅಮೆಜಾನ್ ಕಾಡಿನ ಕಡೆಯವರು, ಹೀಗೆ ಸಾಮ್ರಾಜ್ಯದ ಮೂಲೆಮೂಲೆಯ ಜನ ಅಲ್ಲಿದ್ದರು. ಪರೀಕ್ಷಿಸಿದವರಲ್ಲಿ ಹತ್ತಿರದ ರಕ್ತಸಂಬಂಧಿಗಳಾಗಿ ಸಿಕ್ಕವರು ಒಬ್ಬ ತಾಯಿ, ಒಬ್ಬ ಮಗಳು ಮಾತ್ರ. ಉಳಿದವರೆಲ್ಲ ಬಂಧುಬಳಗವಿಲ್ಲದೆ ದೂರದಿಂದ ಬಂದ ಅರಸನ ಸೇವಕರು. ಅವರ ಮೂಳೆಗಳಲ್ಲಿ ಅತಿಯಾದ ದುಡಿಮೆಯ ಗುರುತುಗಳಾಗಲಿ ಯುದ್ಧದ ಗಾಯಗಳಾಗಲಿ ಹೆಚ್ಚಾಗಿಲ್ಲ. ಊಟಕ್ಕೆ ಕೊರತೆಯಿದ್ದಂತೆಯೂ ತೋರುವುದಿಲ್ಲ. ಸತ್ತಾಗ ಅವರ ಪಕ್ಕದಲ್ಲಿ ಇಟ್ಟ ಮಡಕೆಗಳಲ್ಲಿ ಕೆಲವು ಅವರವರ ತವರುಸೀಮೆಯ ಮಾದರಿಯವು. ಬಿಟ್ಟು ಬಂದ ನಾಡಿನ ನೆನಪನ್ನು ಅವರು ಕೊನೆಯವರೆಗೂ ಉಳಿಸಿಕೊಂಡಿದ್ದರು.

ವಯಸ್ಸಾದಂತೆ ಪಚಕುಟಿಯ ಸ್ವಭಾವದಲ್ಲಿ ಕಾಠಿಣ್ಯವು ಬೆಳೆಯಿತು. ಉತ್ತರದ ದಂಡಯಾತ್ರೆಯಲ್ಲಿ ಕಾಹಮಾರ್ಕವನ್ನು ಗೆದ್ದು ಮರಳುತ್ತಿದ್ದ ತನ್ನ ಸೋದರ ಕಪಾಕ್ ಯುಪಾಂಕಿಗೆ, ಅಪ್ಪಣೆಯನ್ನು ಮೀರಿ ಮುಂದುವರಿದನೆಂಬ ಕಾರಣಕ್ಕಾಗಿ, ಮರಣದಂಡನೆ ವಿಧಿಸಿದನು. ಗೆದ್ದ ಸೋದರನು ನಾಳೆ ಪ್ರತಿಸ್ಪರ್ಧಿಯಾದಾನು ಎಂಬ ಶಂಕೆಯೂ ಇದ್ದೀತು. ತಾನು ಸಿಂಹಾಸನವನ್ನು ಏರಿದ ಬಗೆ ಅವನಿಗೆ ಮರೆತಿರಲಾರದು. ಮೊದಲು ಉತ್ತರಾಧಿಕಾರಿಯೆಂದು ಆರಿಸಿದ್ದ ಅಮಾರು ಎಂಬ ಮಗನು ಮೃದುಸ್ವಭಾವದವನಾಗಿ ಯುದ್ಧಕ್ಕೆ ತಕ್ಕವನಲ್ಲವೆಂದು ಕಂಡುಬರಲು, ಅವನನ್ನು ಬದಿಗಿರಿಸಿ ತೋಪಾ ಯುಪಾಂಕಿಗೆ ಸೈನ್ಯದ ಅಧಿಪತ್ಯವನ್ನು ವಹಿಸಿದನು. ಅಮಾರುವು ತಮ್ಮನಿಗೆ ಎದುರುಬೀಳದೆ ಅವನಿಗೆ ಬೆಂಬಲವಾಗಿ ನಿಂತನೆಂಬುದು ಆ ಮನೆತನದ ಚರಿತ್ರೆಯಲ್ಲಿ ಅಪರೂಪದ ಸಂಗತಿ. ತೋಪಾ ಯುಪಾಂಕಿಯು ಕರಾವಳಿಯ ಪ್ರಬಲ ಚಿಮು ರಾಜ್ಯವನ್ನೂ ಉತ್ತರದ ಕ್ವಿಟೋ ಪ್ರದೇಶವನ್ನೂ ಗೆದ್ದು ತಂದೆಯ ಆಯ್ಕೆಯನ್ನು ಸಮರ್ಥಿಸಿದನು. 1471ರ ಸುಮಾರಿಗೆ ಪಚಕುಟಿಯು ಕುಸ್ಕೊವಿನಲ್ಲಿ ಮರಣಹೊಂದಿದನು.

ಇಂಕಾಗಳ ಭಾವನೆಯಲ್ಲಿ ಅರಸನಿಗೆ ಸಾವೆಂಬುದಿಲ್ಲ. ಅವನ ದೇಹವನ್ನು ಕೆಡದಂತೆ ಒಣಗಿಸಿ, ಉತ್ತಮವಾದ ವಸ್ತ್ರಗಳನ್ನು ಉಡಿಸಿ, ವಂಶದವರು ಅರಮನೆಯಲ್ಲಿರಿಸಿಕೊಂಡು ಸೇವೆ ಮಾಡುತ್ತಿದ್ದರು. ಅವನ ಹೊಲಗದ್ದೆಗಳು ಹೊಸ ಅರಸನಿಗೆ ಸಲ್ಲದೆ ಅವನ ಹೆಸರಿನಲ್ಲಿಯೇ ಉಳಿಯುತ್ತಿದ್ದುವು. ಹಬ್ಬದ ದಿನ ಅವನ ಮುಂದೆ ಚಿಚಾವನ್ನೂ ಆಹಾರವನ್ನೂ ಇಟ್ಟು, ಚೌಕಕ್ಕೆ ಹೊತ್ತು ತರುತ್ತಿದ್ದರು. ಹೀಗೆ ಪಚಕುಟಿಯು ತೀರಿಕೊಂಡ ಬಳಿಕವೂ ಅರವತ್ತು ವರ್ಷ ಅರಸನಾಗಿಯೇ ಇದ್ದನು. 1532ರಲ್ಲಿ ಸ್ಪೇನಿನ ಪಿಸಾರೊ ಕಾಹಮಾರ್ಕದಲ್ಲಿ ಇಂಕಾ ದೊರೆ ಅತಹುವಾಲ್ಪನನ್ನು ಸೆರೆಹಿಡಿದು, ಮರುವರ್ಷ ಕೊಲ್ಲಿಸಿದನು. ಕುಸ್ಕೊ ಕೈಬಿಟ್ಟಿತು, ದೇವಾಲಯದ ಚಿನ್ನದ ತಗಡುಗಳು ಕುಲುಮೆಯನ್ನು ಸೇರಿದುವು. ವಂಶದವರು ಹಿರಿಯನ ದೇಹವನ್ನು ಗುಪ್ತವಾಗಿ ಅಡಗಿಸಿಟ್ಟರು. ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ಅದು ಯಾರ ಕೈಗೂ ಸಿಗಲಿಲ್ಲ. ಕೊನೆಗೆ 1559ರಲ್ಲಿ ಪೋಲೊ ದೆ ಒಂದೆಗಾರ್ದೊ ಎಂಬ ಅಧಿಕಾರಿ ಅದನ್ನು ಪತ್ತೆಮಾಡಿ ಲಿಮಾ ನಗರಕ್ಕೆ ಕಳುಹಿಸಿದನು. ಕಣ್ಣಿನ ಜಾಗದಲ್ಲಿ ಚಿನ್ನದ ತೆಳುಹಾಳೆಯಿದ್ದ ಆ ದೇಹವು ಇನ್ನೂ ಕೆಡದೆ ಜೀವಂತವಾಗಿರುವಂತೆ ತೋರುತ್ತಿತ್ತೆಂದು ಅಕೋಸ್ತ ಎಂಬ ಪಾದ್ರಿಯು ವರ್ಣಿಸಿದ್ದಾನೆ. ಅಲ್ಲಿನ ಸಾನ್ ಆಂದ್ರೆಸ್ ಆಸ್ಪತ್ರೆಯಲ್ಲಿ ಅದನ್ನು ಇರಿಸಲಾಗಿತ್ತು.

ಅರಸನ ಸೇವೆ ನಿಂತ ಮೇಲೆ ಮಾಚು ಪಿಚುವಿನಲ್ಲಿ ಜನ ಉಳಿಯಲು ಕಾರಣವಿರಲಿಲ್ಲ. ಒಬ್ಬೊಬ್ಬರಾಗಿ ಅವರು ಬೆಟ್ಟವಿಳಿದರು. ಚಾವಣಿಯ ಹುಲ್ಲು ಕೊಳೆಯಿತು. ಕಾಡು ಗೋಡೆಗಳನ್ನು ಮುಚ್ಚಿತು. ಆದರೂ ಸುತ್ತಲಿನ ರೈತರು ಅದನ್ನು ಎಂದೂ ಮರೆತಿರಲಿಲ್ಲ. 1911ರ ಜುಲೈ 24ರಂದು ಅಮೆರಿಕದ ಪ್ರಾಧ್ಯಾಪಕ ಹೈರಮ್ ಬಿಂಗಮ್ ಸ್ಥಳೀಯ ರೈತನೊಬ್ಬನ ನೆರವಿನಿಂದ ಮೇಲೆ ಹತ್ತಿ ಬಂದಾಗ, ಪಚಕುಟಿಯ ಮೆಟ್ಟಿಲುಗದ್ದೆಗಳಲ್ಲಿ ಎರಡು ಬಡ ಕುಟುಂಬಗಳು ಜೋಳ, ಗೆಡ್ಡೆಗಳನ್ನು ಬೆಳೆದುಕೊಂಡಿದ್ದುವು. ಅವಶೇಷಗಳ ನಡುವೆ ದಾರಿ ತೋರಿಸಿದವನು ಆ ಮನೆಯ ಒಬ್ಬ ಹುಡುಗ. ಬಿಂಗಮನ ತಂಡದವರು ಅಗೆದು ತೆಗೆದ ಮಡಕೆ, ಆಭರಣ, ಅಸ್ಥಿಗಳನ್ನು ಯೇಲ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದರು. ಅವು ತನ್ನವೆಂದು ಪೆರು ದೇಶವು ಬಹುಕಾಲ ವಾದಿಸಿತು. ಕಡೆಗೆ 2010ರಲ್ಲಿ ಒಪ್ಪಂದವಾಗಿ, 2011 ಮತ್ತು 2012ರಲ್ಲಿ ಅವು ಕುಸ್ಕೊವಿಗೆ ಮರಳಿ, ಅಲ್ಲಿನ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿರುವ ವಸ್ತುಸಂಗ್ರಹಾಲಯವನ್ನು ಸೇರಿದುವು. ಹೆಸರು ತಿಳಿಯದ ಆ ಕಮ್ಮಾರರ, ನೇಕಾರರ, ಅಡುಗೆಯವರ ಮೂಳೆಗಳೂ ಅವುಗಳೊಡನೆ ಹಿಂದಿರುಗಿದುವು. ಅವರ ದೊರೆಯ ದೇಹಕ್ಕಾಗಿ ಲಿಮಾದ ಹಳೆಯ ಆಸ್ಪತ್ರೆಯ ನೆಲವನ್ನು ಶೋಧಿಸಿದರೂ ಅದು ದೊರೆತಿಲ್ಲ.